ಕೋಲಿಗೆ ಅಂಟಿಸಿದ ಕಣ್ಣು

ಕಾಲುವೆ ನೀರಿನ ಆ ಬಯಲಿನಲ್ಲಿ ಅವರನ್ನು ಹೆತ್ತವರು ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ದೊಡ್ಡವರು, ಚಿಕ್ಕವರು ಎಲ್ಲರಿಗೂ ಅವರು ಮಟ್ಟಣ್ಣ. ಟ್ರ್ಯಾಕ್ಟರಿನ ಹಿಂದೆ ಅಗಲವಾದ ಬ್ಲೇಡು ಕಟ್ಟಿಕೊಂಡು, ಹೊಲದ ಉಬ್ಬು ಕೆರೆದು ತಗ್ಗಿಗೆ ತುಂಬುವುದು ಅವರ ಕಸುಬು. ಹೊಲ ಮಟ್ಟವಾಗಿದ್ದರೆ ನೀರು ಈ ತುದಿಯಿಂದ ಆ ತುದಿಗೆ ಒಂದೇ ಸಮ ಹರಡುತ್ತದೆ. ಇಲ್ಲದಿದ್ದರೆ ಒಂದು ಕಡೆ ಬೆಳೆ ಕೊಳೆಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ, ನಡುವೆ ನಿಂತವರು ಜಗಳವಾಡುತ್ತಾರೆ.

ಅವರಿಗೆ ದಾರ ಬೇಡ, ಅಳತೆಪಟ್ಟಿ ಬೇಡ. ಮೊದಲು ಚಪ್ಪಲಿ ಬಿಟ್ಟು ಹೊಲವನ್ನು ಉದ್ದಕ್ಕೂ ಅಡ್ಡಕ್ಕೂ ನಡೆಯುವರು. ಆಮೇಲೆ ಬದುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಗದ್ದವನ್ನು ಮಂಡಿಗೆ ತಾಗಿಸಿ ನೆಲದ ಮೇಲೆಯೇ ನೋಟ ಹರಿಸುವರು. ಅಷ್ಟೇ. ಹೊಲದವರು ಯಾರಾದರೂ, "ಅಲ್ಲೊಂಚೂರು ಉಬ್ಬಿದ ಹಾಗೆ ಕಾಣ್ತಿದೆಯಲ್ಲ ಮಟ್ಟಣ್ಣ?" ಅಂದರೆ, "ಉಬ್ಬಿರೋದು ನಿಮ್ಮ ಕಣ್ಣುಗುಡ್ಡೆ, ಹೊಲ ಅಲ್ಲ" ಅನ್ನುವರು. ನೀರು ಬಿಟ್ಟಾಗ ಯಾರ ಮಾತು ನಿಜವೆಂದು ತಿಳಿಯುತ್ತಿತ್ತು. ಹೆಚ್ಚಾಗಿ ಅವರದ್ದೇ.

ಮನೆಯಲ್ಲೂ ಇದೇ ಚಾಳಿ. ಗೋಡೆಯ ಮೇಲಿನ ಪಟ, ಕಿಟಕಿಯ ಪರದೆ, ಕುರ್ಚಿಯ ಕಾಲು, ಯಾವುದೂ ಅವರ ಕಣ್ಣಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮಗಳು ಶಾಲೆಗೆ ಹೊರಟರೆ ಎರಡು ಜಡೆಗಳೂ ಒಂದೇ ಎತ್ತರಕ್ಕಿವೆಯೇ ಎಂದು ನೋಡಿಯೇ ಬಾಗಿಲು ಬಿಡುತ್ತಿದ್ದರು.

ಆ ಮಗಳೀಗ ಒಂದು ಕೂಸಿನ ತಾಯಿ. ಗಂಡ ಬಸ್ಸಿನ ಕಂಡಕ್ಟರ್. ಬೆಳಗ್ಗೆ ಹೋದರೆ ಸಂಜೆಗೆ ಮನೆ. ತವರಿನ ಬೀದಿಯಲ್ಲೇ ಅವಳದೊಂದು ರಿಪೇರಿ ಅಂಗಡಿ. ಅಂಗಡಿ ಅಂದರೆ ತವರಿನ ಮುಂಗೋಣೆಯೇ. ಬೀದಿಗೆ ತೆರೆದ ಒಂದು ಬಾಗಿಲು, ಒಂದು ಮೇಜು, ಸಾಲ್ಡರಿಂಗ್ ಕಡ್ಡಿ, ಗೋಡೆಗೆ ಒರಗಿಸಿದ ಬಿಚ್ಚಿದ ಟಿವಿಗಳು. ಮೇಜಿನ ಕೆಳಗಿನ ಜಾಗಕ್ಕೆ ಮರದ ಅಡ್ಡಪಟ್ಟಿ ಹೊಡೆದು ಮಗು ಹೊರಗೆ ಬರದಂತೆ ಮಾಡಿದ್ದಳು. ಮಗು ಒಳಗಿನಿಂದ ಅಮ್ಮನ ಕಾಲ್ಬೆರಳು ಎಳೆಯುತ್ತಿತ್ತು, ಅಮ್ಮ ಮೇಲಿನಿಂದ ತಂತಿ ಎಳೆಯುತ್ತಿದ್ದಳು. ಹೀಗೆ ಇಬ್ಬರ ದುಡಿಮೆಯೂ ಸಾಗಿತ್ತು.

ಅಪ್ಪನ ಬಲಗಣ್ಣು ಮಸುಕಾದದ್ದನ್ನು ಮೊದಲು ಗಮನಿಸಿದವಳು ಅವಳೇ. ಚಹಾದ ಲೋಟವನ್ನು ಮೇಜಿನ ಮೇಲೆ ಇಡಲು ಹೋಗಿ ಅಂಚಿನ ಆಚೆಗೆ ಇಟ್ಟರು. ಲೋಟ ಬಿತ್ತು. "ಮೇಜು ಜರುಗಿಸಿದ್ದೀರಾ ಯಾರಾದ್ರೂ?" ಎಂದು ಗದರಿದರು. ಮೇಜು ಎಲ್ಲಿತ್ತೋ ಅಲ್ಲೇ ಇತ್ತು. ಆಸ್ಪತ್ರೆಗೆ ಹೋಗಿ ಪೊರೆ ತೆಗೆಸಿದ್ದಾಯಿತು, ದೃಷ್ಟಿ ಮರಳಲಿಲ್ಲ. ಒಳಗಿನ ನರವೇ ಸೋತಿದೆ ಎಂದರು ಕಣ್ಣಿನ ಡಾಕ್ಟರು. ಉಳಿದ ಒಂದು ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. ಯಾವುದು ಎಷ್ಟು ದೂರ, ಯಾವುದು ಎಷ್ಟು ಎತ್ತರ ಎನ್ನುವುದು ಮಾತ್ರ ಕಾಣುತ್ತಿರಲಿಲ್ಲ. ಅವರ ಕಸುಬಿಗೆ ಬೇಕಾದದ್ದು ಅದೊಂದೇ.

ಆ ವರ್ಷ ಅವರು ಮಟ್ಟ ಮಾಡಿದ ಹೊಲವೊಂದರಲ್ಲಿ ನೀರು ಒಂದು ಮೂಲೆಗೆ ಓಡಿ ಹೊಂಡವಾಗಿ ನಿಂತಿತು. ಮತ್ತೊಂದರಲ್ಲೂ ಹಾಗೆಯೇ. ಕಾಲುವೆ ನೀರು ಹಂಚುವ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮುನ್ನ ಮಗುವಿನ ಗಲ್ಲ ಸವರಿದರು, ಮನೆಯ ಸುಣ್ಣ ಚೆನ್ನಾಗಿದೆ ಅಂದರು, ಕೆಮ್ಮಿದರು.

"ಮಟ್ಟಣ್ಣ, ಬೇಜಾರು ಮಾಡ್ಕೋಬೇಡಿ. ಪಟ್ಟಣದಲ್ಲಿ ಲೇಸರ್ ಮಷಿನ್ ಬಂದಿದೆಯಂತೆ. ಈ ಸಲ ಅದನ್ನೇ ಕರೆಸೋಣ ಅಂತ ಮೀಟಿಂಗಿನಲ್ಲಿ ಮಾತಾಯ್ತು."

"ಕರೆಸಿ" ಅಂದರು ಮಟ್ಟಣ್ಣ. ಅಷ್ಟು ಹೇಳಿ ಎದ್ದು ಹೋಗಿ ಟ್ರ್ಯಾಕ್ಟರಿನ ಬಾನೆಟ್ ಒರೆಸತೊಡಗಿದರು. ಒರೆಸಲು ಅಲ್ಲಿ ಧೂಳೇ ಇರಲಿಲ್ಲ.

ಮಗಳು ಬಾಗಿಲಿಗೆ ಬಂದು ಕಾರ್ಯದರ್ಶಿಯನ್ನು ಕೇಳಿದಳು. "ನಾವೇ ಲೇಸರ್ ಕೂರಿಸಿದ್ರೆ, ಅಣ್ಣಾ?"

ಕಾರ್ಯದರ್ಶಿ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೂ ಅವಳ ಮುಖವನ್ನೂ ನೋಡಿದರು. "ಕೂರಿಸಿದ್ರೆ ಸಂಘದ ತುಂಡು ಹೊಲ ಇದೆಯಲ್ಲ, ಅಲ್ಲಿ ಮಾಡಿ ತೋರಿಸಿ. ನೀರು ಬಿಡೋಣ. ನೀರು ಒಪ್ಪಿದ್ರೆ ನಾನೂ ಒಪ್ಪಿದೆ. ಆದ್ರೆ ಬೇಗ. ಕಾಲುವೆಗೆ ನೀರು ಬರೋಕೆ ಮುಂಚೆ ಹೊಲಗಳೆಲ್ಲ ಮುಗೀಬೇಕು."

ಅವಳು ಬಾಯಿಗೆ ಬಂದದ್ದನ್ನು ಅಂದಿರಲಿಲ್ಲ. ಎದುರಿನ ಔಷಧಿ ಅಂಗಡಿಗೆ ನೆಲಹಾಸು ಹಾಕುವಾಗ ಟೈಲ್ಸಿನವನು ಮುಕ್ಕಾಲಿಯ ಮೇಲೆ ಸಣ್ಣದೊಂದು ಯಂತ್ರವಿಟ್ಟು ಗೋಡೆಯ ಸುತ್ತ ಕೆಂಪು ಗೆರೆ ಬೀಳಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಳಗೆ ದೀಪ ಗಿರಗಿರ ತಿರುಗುತ್ತದೆ. ಅದರ ಬೆಳಕು ಎಲ್ಲ ದಿಕ್ಕಿಗೂ ಒಂದೇ ಎತ್ತರದಲ್ಲಿ ಹಾಸಿದ ಹಾಗೆ ಹರಡುತ್ತದೆ. ಆ ಬೆಳಕಿನ ಹಾಸನ್ನು ಹೊಲದ ಮೇಲೆ ಹಾಸಿ, ಬ್ಲೇಡಿನ ಮೇಲೊಂದು ಕೋಲು ನಿಲ್ಲಿಸಿ, ಕೋಲಿಗೆ ಬೆಳಕು ಗುರುತಿಸುವ ಸಾಲು ಸಾಲು ಬಿಲ್ಲೆ ಅಂಟಿಸಿದರೆ? ಬೆಳಕು ಮೇಲಿನ ಬಿಲ್ಲೆಗೆ ಬಿದ್ದರೆ ಬ್ಲೇಡು ತಗ್ಗಿದೆ ಎಂದರ್ಥ, ಎತ್ತಬೇಕು. ಕೆಳಗಿನದಕ್ಕೆ ಬಿದ್ದರೆ ಇಳಿಸಬೇಕು. ನಡುವೆ ಬಿದ್ದರೆ ತೆಪ್ಪಗಿರಬೇಕು.

ಅಪ್ಪ ಎಲ್ಲ ಕೇಳಿಸಿಕೊಂಡರು. "ಅಂದ್ರೆ, ನನ್ನ ಕಣ್ಣು ಹೋಯ್ತು ಅಂತ ಕೋಲಿಗೆ ಕಣ್ಣು ಅಂಟಿಸ್ತೀಯಾ?"

"ಹೂಂ ಅಪ್ಪಾ. ಓಡಿಸೋರು ನೀವೇ."

"ಮತ್ತೆ ಬೇರೆ ಯಾರು ಓಡಿಸ್ತಾರೆ? ನಿನ್ನ ಕೋಲಾ?" ಅಂದರು. ಬೇಡ ಎನ್ನಲಿಲ್ಲ.

ಬೆಳಕಿನ ಯಂತ್ರ ಟೈಲ್ಸಿನವನ ಬಳಿಯೇ ಸಿಕ್ಕಿತು. ಏಣಿಯಿಂದ ಬಿದ್ದು ತಿರುಗದೆ ಕೂತಿದ್ದ ಹಳೆಯದೊಂದನ್ನು ಅವನು ಮೂಲೆಗೆ ಎಸೆದಿದ್ದ; ಅವಳು ಅದರ ಮೋಟಾರು ಬದಲಿಸಿದಳು. ಕೋಲಿಗೆ ಹಳೇ ಆಂಟೆನಾದ ಪೈಪು. ಬಿಲ್ಲೆಗಳಿಗೆ ಹೊದಿಕೆಯಾಗಿ ಟ್ಯೂಬ್‌ಲೈಟಿನ ಪಾರದರ್ಶಕ ಕವಚ. ಎಣ್ಣೆಯ ಹರಿವನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವು ಮಾತ್ರ ಕಾಡಿಸಿತು. ಕೊನೆಗೆ ಗುಜರಿಯಲ್ಲಿ ಬಿದ್ದಿದ್ದ ಕಸದ ಲಾರಿಯೊಂದರಿಂದ ಅದನ್ನು ಬಿಚ್ಚಿ ತಂದವನು ಪಕ್ಕದ ಶೆಡ್ಡಿನ ವೆಲ್ಡರ್. ಅದನ್ನು ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ವಾಸನೆ ಬಿಡಲಿಲ್ಲ.

"ಮಟ್ಟಣ್ಣ, ಇನ್ನು ನಿಮ್ಮ ಟ್ರ್ಯಾಕ್ಟರ್ ಬಂದ್ರೆ ಬೀದಿಯವರೆಲ್ಲ ಕಸದ ಬುಟ್ಟಿ ಹಿಡ್ಕೊಂಡು ಆಚೆ ಬರ್ತಾರೆ" ಅಂದ ವೆಲ್ಡರ್.

"ಬರಲಿ. ಮೊದಲು ನಿನ್ನನ್ನೇ ತುಂಬ್ಕೊಂಡು ಹೋಗ್ತೀನಿ."

ಮನೆಯೊಳಗೆ ಚೆನ್ನಾಗಿ ಕಂಡ ಕೋಲಿನ ಕಣ್ಣು, ಹೊರಗಿನ ಬಿಸಿಲಿಗೆ ಕುರುಡಾಯಿತು. ಸೂರ್ಯನ ಬೆಳಕಿನ ಮುಂದೆ ಆ ಪುಟ್ಟ ದೀಪದ್ದೇನು ಲೆಕ್ಕ? ಅವಳು ಎರಡು ದಿನ ಮಂಕಾಗಿ ಕೂತಳು. ಆಮೇಲೆ ಹೊಳೆಯಿತು: ಬಿಸಿಲು ಒಂದೇ ಸಮ ಬೀಳುತ್ತದೆ, ಯಂತ್ರದ ಬೆಳಕು ತಿರುಗುವುದರಿಂದ ಮಿಂಚಿ ಮಿಂಚಿ ಹೋಗುತ್ತದೆ. ಸಮ ಬೀಳುವುದನ್ನು ಬಿಟ್ಟುಬಿಡು, ಮಿಂಚುವುದನ್ನು ಮಾತ್ರ ಹಿಡಿ ಎಂದು ಸರ್ಕ್ಯೂಟಿಗೆ ಕಲಿಸಿದಳು. ಅಮ್ಮನಿಗೆ ಇದನ್ನು ವಿವರಿಸಿದಾಗ ಅಮ್ಮ ಸೊಪ್ಪು ಬಿಡಿಸುತ್ತಲೇ ಅಂದರು:

"ನಿಮ್ಮಪ್ಪನೂ ಹಾಗೇ ಅಲ್ವೇನೇ? ದಿನಾ ಹೇಳೋ ಮಾತು ಕಿವಿಗೇ ಬೀಳಲ್ಲ. ಆಗೊಮ್ಮೆ ಈಗೊಮ್ಮೆ ಪಟ್ ಅಂತ ಅಂದ್ರೆ ಮಾತ್ರ ತಿರುಗಿ ನೋಡ್ತಾರೆ."

ಸರ್ಕ್ಯೂಟನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ ಎಲ್ಲ ಜೋಡಿಸುವಾಗ ಒಂದು ಪ್ರಶ್ನೆ ಬಂತು. ಬ್ಲೇಡನ್ನು ಕೈಯಿಂದ ಎತ್ತಿಳಿಸುವ ಲಿವರು ಸೀಟಿನ ಬಲಕ್ಕಿತ್ತು. ಅದರ ಎಣ್ಣೆ ಕೊಳವೆಯನ್ನು ಬಿಚ್ಚಿಹಾಕಿ ಪೆಟ್ಟಿಗೆಯ ವಾಲ್ವಿಗೆ ಕೊಡುವುದೋ, ಎರಡನ್ನೂ ಇರಗೊಡುವುದೋ? "ಇರಲಿ" ಅಂದಳು ಮಗಳು. "ಪೆಟ್ಟಿಗೆ ಕೈಕೊಟ್ರೆ ಅಪ್ಪನ ಕೈಗೆ ಸಿಗಲಿ." ನಿಜವಾಗಿ ಅವಳ ಮನಸ್ಸಿನಲ್ಲಿದ್ದದ್ದು ಇನ್ನೊಂದು. ಲಿವರೂ ಇಲ್ಲದ ಸೀಟಿನ ಮೇಲೆ ಅಪ್ಪನನ್ನು ಕೂರಿಸಲು ಅವಳಿಗೆ ಮನಸ್ಸು ಬರಲಿಲ್ಲ.

ನಿಂತ ಟ್ರ್ಯಾಕ್ಟರಿನಲ್ಲಿ ಎಲ್ಲ ಸರಿಯಾಗಿತ್ತು. ಮುಕ್ಕಾಲಿಯನ್ನು ಎತ್ತಿದರೆ ಬ್ಲೇಡು ಏಳುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು, ಹೇಳಿದ ಮಾತು ಕೇಳುವ ಮಗುವಿನ ಹಾಗೆ. ಹೊಲಕ್ಕೆ ಇಳಿದ ಮೇಲೆ ಬಣ್ಣ ಬದಲಾಯಿತು. ಟ್ರ್ಯಾಕ್ಟರ್ ಒಂದು ಸಾಲು ಹೋಗಿ ಬಂತು. ಹಿಂದೆ ನೆಲ ಬಟ್ಟೆ ಒಗೆಯುವ ಕಲ್ಲಿನ ಹಾಗೆ ಗೀರು ಗೀರಾಗಿತ್ತು. ಉಬ್ಬು, ತಗ್ಗು, ಉಬ್ಬು, ತಗ್ಗು. ಇದ್ದದ್ದಕ್ಕಿಂತ ಕೆಟ್ಟಿತು.

ಪೆಟ್ಟಿಗೆ ಅತಿ ಚುರುಕಾಗಿರಬೇಕೆಂದು ಅವಳು ಅದನ್ನು ನಿಧಾನಗೊಳಿಸಿದಳು. ಗೀರುಗಳು ಅಗಲವಾದವು. ಚುರುಕುಗೊಳಿಸಿದಳು, ಒತ್ತೊತ್ತಾದವು. ಕೋಲು ಅಲ್ಲಾಡುತ್ತಿದೆ ಎಂದು ವೆಲ್ಡರ್ ಅದಕ್ಕೆ ಅಡ್ಡ ಆಸರೆ ಬೆಸೆದ. ಎಣ್ಣೆಯಲ್ಲಿ ಗಾಳಿ ಸೇರಿದೆ ಎಂದು ಅದನ್ನೂ ತೆಗೆದರು. ಕಣ್ಣಿನ ಸಾಲಿನ ನಡುವೆ ಬಿಲ್ಲೆಯೊಂದು ಸತ್ತಿರಬಹುದೆಂದು ಎಲ್ಲವನ್ನೂ ಮತ್ತೆ ಪರೀಕ್ಷಿಸಿದಳು. ಎಲ್ಲವೂ ಬದುಕಿದ್ದವು.

"ನಿನ್ನ ಪೆಟ್ಟಿಗೆಗೆ ತಾಳ್ಮೆ ಇಲ್ಲ" ಅಂದರು ಅಪ್ಪ.

"ನಿಮ್ಮ ಹೈಡ್ರಾಲಿಕ್‌ಗೆ ವಯಸ್ಸಾಗಿದೆ" ಅಂದಳು ಮಗಳು.

ಒಮ್ಮೆ ಅಪ್ಪ ಚಹಾ ಕುಡಿಯಲು ಬದುವಿಗೆ ಹೋದಾಗ ವೆಲ್ಡರ್ ಸುಮ್ಮನಿರಲಾರದೆ ಹತ್ತಿ ಕೂತು ಒಂದು ಸಾಲು ಹೊಡೆದ. ಸಾಲು ಮೇಜಿನ ಹಾಗೆ ಬಂತು. ಮೂವರೂ ಬಗ್ಗಿ ನೋಡಿದರು. ಅಲ್ಲಿ ಮಣ್ಣು ಮೆತ್ತಗಿರಬೇಕು ಎಂದು ಅಪ್ಪ ಅಂದರು. ಅಪ್ಪ ಮಣ್ಣಿನ ವಿಷಯ ಹೇಳಿದರೆ ಅಲ್ಲಗಳೆಯುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೌದೆನ್ನಿಸಿತು, ಬಿಟ್ಟರು.

ಪೆಟ್ಟಿಗೆಯನ್ನು ಕೂರಿಸಿದ್ದು ಎಡಗಡೆಯ ಮಡ್‌ಗಾರ್ಡಿಗೆ. ಅದರ ದೀಪಗಳನ್ನು ನೋಡುತ್ತ ಅವಳು ಯಾವಾಗಲೂ ಟ್ರ್ಯಾಕ್ಟರಿನ ಎಡಕ್ಕೇ ನಡೆಯುತ್ತಿದ್ದಳು. ಒಂದು ದಿನ ಬಲಗಡೆಯ ಬದುವಿನ ಮೇಲೆ ಅಮ್ಮನ ಬಳಿಯಿದ್ದ ಮಗು ಹೊಸದಾಗಿ ಕಲಿತ ನಡಿಗೆಯ ಹುರುಪಿನಲ್ಲಿ ಕೈಬಿಡಿಸಿಕೊಂಡು ಹೊಲಕ್ಕಿಳಿಯಿತು. "ಹಿಡೀ!" ಎಂದು ಅಮ್ಮ ಕೂಗಿದರು. ಅವಳು ಟ್ರ್ಯಾಕ್ಟರಿನ ಹಿಂದಿನಿಂದ ಬಳಸಿ ಓಡಿ ಮಗುವನ್ನು ಬಾಚಿಕೊಂಡಳು. ಮಗುವನ್ನು ಸೊಂಟಕ್ಕೇರಿಸಿ ತಲೆ ಎತ್ತಿದಾಗ ಅಪ್ಪನ ಬಲಗೈ ಕಂಡಿತು.

ಕೈ ಲಿವರಿನ ಮೇಲಿತ್ತು. ಅಪ್ಪ ಮುಂದೆ ನೋಡುತ್ತ, ಏನೋ ಗುನುಗುತ್ತ ಸ್ಟೀರಿಂಗ್ ಹಿಡಿದಿದ್ದರು. ಕೈ ಮಾತ್ರ ತನ್ನ ಪಾಡಿಗೆ ತಾನು ಲಿವರನ್ನು ಒಂಚೂರು ಎಳೆಯುತ್ತಿತ್ತು, ಒಂಚೂರು ತಳ್ಳುತ್ತಿತ್ತು. ಬ್ಲೇಡು ಎದ್ದದ್ದು ಸೀಟಿನ ಅದುರಿನಲ್ಲಿ ಗೊತ್ತಾದ ಕೂಡಲೇ ಕೈ ಇಳಿಸುತ್ತಿತ್ತು. ಕೈ ಇಳಿಸಿದ್ದನ್ನು ಕೋಲು ಕಂಡು ಪೆಟ್ಟಿಗೆ ಎತ್ತುತ್ತಿತ್ತು. ಇಬ್ಬರೂ ಸರಿಪಡಿಸುತ್ತಿದ್ದರು. ಅದೇ ತಪ್ಪಾಗಿತ್ತು.

ಅವಳು ಅಂದು ಸಂಜೆ ಮನೆಯಲ್ಲಿ ಅಮ್ಮನಿಗೆ ಹೇಳಿದಳು. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಆ ಕೈ ಎಲ್ಲಿ ಸುಮ್ನಿರುತ್ತೆ? ಬಸ್ಸಲ್ಲಿ ಕೂತ್ರೂ ಹಳ್ಳ ಬಂದಾಗ ನನ್ನ ಮೊಣಕೈ ಹಿಡಿದು ಎತ್ತುತ್ತಾರೆ."

ವೆಲ್ಡರ್‌ಗೆ ಇದು ಚಿಟಿಕೆ ಹೊಡೆಯುವಷ್ಟು ಸುಲಭದ ಸಂಗತಿ. "ಲಿವರಿನ ಕೊಳವೆಗೆ ಕೆಳಗಿಂದ ಒಂದು ಬಿರಡೆ ಹಾಕ್ಬಿಡ್ತೀನಿ, ಅಕ್ಕಾ. ಲಿವರ್ ಆಡುತ್ತೆ, ಎಣ್ಣೆ ಹೋಗಲ್ಲ. ಅವರ ಪಾಡಿಗೆ ಅವರು ಎಳ್ಕೊಂಡಿರ್ಲಿ. ಹೊಲ ಮಟ್ಟ ಆಗುತ್ತೆ, ಮಟ್ಟಣ್ಣಂಗೆ ತಾನೇ ಮಾಡಿದೆ ಅನ್ನಿಸುತ್ತೆ. ಎಲ್ಲರೂ ಖುಷಿ."

ಅವಳು ಮಗುವಿಗೆ ಉಣಿಸುತ್ತಿದ್ದಳು. ಮಗುವಿಗೆ ತಾನೇ ಚಮಚ ಹಿಡಿಯುವ ಹಟ. ಅದರ ಕೈಗೊಂದು ಖಾಲಿ ಚಮಚ ಕೊಟ್ಟು ಇನ್ನೊಂದರಿಂದ ಅವಳು ತಿನ್ನಿಸುತ್ತಿದ್ದಳು. ಮಗು ಖುಷಿಯಾಗಿತ್ತು. ಅದನ್ನೇ ನೋಡುತ್ತ ಅವಳು ವೆಲ್ಡರ್‌ಗೆ, "ಬೇಡ ಕಣೋ" ಅಂದಳು. "ಗೊತ್ತಾದ ದಿನ ಆ ಟ್ರ್ಯಾಕ್ಟರ್ ಮುಟ್ಟಲ್ಲ ಅವರು. ಗೊತ್ತಾಗದೇ ಇರೋಕೆ ಅವರೇನು ಮಗುವೇ?"

ಮರುದಿನ ಹೊಲದಲ್ಲಿ ನೇರವಾಗಿ ಹೇಳಿದಳು.

"ನಾನಾ?" ಅಂದರು ಅಪ್ಪ. "ಲಿವರ್ ಮುಟ್ಟಿದ್ದೀನಾ ನಾನು? ಪೆಟ್ಟಿಗೆ ಹಾಕಿದ ದಿನದಿಂದ ಮುಟ್ಟಿಲ್ಲ."

ಅದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಅವರಿಗೆ ತಿಳಿದ ಮಟ್ಟಿಗೆ ಅವರು ಮುಟ್ಟಿರಲಿಲ್ಲ. "ಲಿವರಿನ ಹಿಡಿಗೆ ಗ್ರೀಸ್ ಹಚ್ತೀನಿ. ನಿಮ್ಮ ಎದುರಿಗೇ ಹಚ್ತೀನಿ. ಒಂದು ಸಾಲು ಹೋಗಿಬನ್ನಿ."

"ಹಚ್ಚು, ಹಚ್ಚು. ಹಿಡಿಗೂ ಹಚ್ಚು, ನಿನ್ನ ಪೆಟ್ಟಿಗೆಗೂ ಹಚ್ಚು" ಎಂದು ನಗುತ್ತ ಹತ್ತಿದರು.

ತಿರುಗಿ ಬಂದು ಇಳಿದಾಗ ಅವರಾಗಿಯೇ ಅಂಗೈ ಚಾಚಿದರು, ಶುಭ್ರವಾಗಿರುತ್ತದೆ ಎಂಬ ಧೈರ್ಯದಲ್ಲಿ. ಅಂಗೈ ತುಂಬ ಕಪ್ಪು ಮೆತ್ತಿತ್ತು. ಎಡಗೈಯಿಂದ ಒರೆಸಲು ಹೋದರು, ಎಡಗೈಗೂ ಅಂಟಿತು. ಅಪ್ಪ ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಬದುವಿನ ಮೇಲೆ ನಡೆದು ಮನೆಗೆ ಹೋದರು.

ಮೂರು ದಿನ ಹೊಲದ ಕಡೆ ತಲೆ ಹಾಕಲಿಲ್ಲ. ಮುಂಗೋಣೆಯ ಹೊಸ್ತಿಲ ಬಳಿ ಕೂತು ಮಗುವನ್ನು ಆಡಿಸಿದರು, ಅಡುಗೆಮನೆಯ ಶೆಲ್ಫಿನ ಮೊಳೆ ಬಿಗಿಮಾಡಿದರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಗಲಿಲ್ಲ. "ಊಟ ಸೇರ್ತಿದೆ, ಹೆದರಬೇಡ" ಎಂದು ಅಮ್ಮ ಪಿಸುಗುಟ್ಟಿದರು. ಕಾರ್ಯದರ್ಶಿ ಫೋನ್ ಮಾಡಿ, ಪಟ್ಟಣದ ಮಷಿನಿನವನಿಗೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಎಂದು ಕೇಳಿದರು. ಎರಡು ದಿನ ತಡೆಯಿರಿ ಎಂದಳು ಮಗಳು. ಒಂದು ಮಾತಿಗೆ ವೆಲ್ಡರೇ ಓಡಿಸಬಹುದಿತ್ತು. ಹೊಲ ಚೆನ್ನಾಗಿಯೇ ಆಗುತ್ತಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ.

ನಾಲ್ಕನೆಯ ಬೆಳಗ್ಗೆ ಅಪ್ಪ ಅವಳ ಮೇಜಿನ ಮುಂದೆ ನಿಂತಿದ್ದರು.

"ಕೈಗೆ ಹೇಳಿ ನೋಡಿದೆ. ಕೇಳಲ್ಲ ಅದು. ಇಲ್ಲಿ ಕುರ್ಚಿ ಮೇಲೆ ಕೂತು, ಓಡಿಸ್ತಿದ್ದೀನಿ ಅಂದ್ಕೊಂಡ್ರೂ ಹೋಗಿ ಹುಡುಕುತ್ತೆ. ಆ ಲಿವರ್ ಬಿಚ್ಚಿಹಾಕು."

"ಬಿಚ್ಚಲೇಬೇಕಾ ಅಪ್ಪಾ?"

"ಮತ್ತೆ? ಕೈ ಬಿಚ್ಚಿಡೋಕಾಗುತ್ತಾ?"

ವೆಲ್ಡರ್ ಲಿವರಿನ ಹಿಡಿಕೋಲನ್ನು ಕಳಚಿ ಅಪ್ಪನ ಕೈಗೇ ಕೊಟ್ಟ. ಅವರು ಅದನ್ನು ಉಪಕರಣದ ಡಬ್ಬಿಗೆ ಹಾಕಿ ಮುಚ್ಚಿದರು. ಸೀಟಿನ ಮೇಲೆ ಕೂತರು. ಕೈ ಒಮ್ಮೆ ಬಲಕ್ಕೆ ಹೋಗಿ, ಬರಿಯ ಗಾಳಿ ಹಿಡಿದು, ವಾಪಸು ಬಂತು. ಆ ಸಂಜೆಯವರೆಗೂ ಹಾಗೆ ಹೋಗುತ್ತಲೇ ಇತ್ತು, ಬರುತ್ತಲೇ ಇತ್ತು. ಕೊನೆಗೆ ಅವರು ಅದನ್ನು ತೊಡೆಯ ಕೆಳಗಿಟ್ಟುಕೊಂಡು ಕೂತು, ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದರು. ಹಿಂದೆ ನೆಲ ಚಾಪೆ ಬಿಡಿಸಿದ ಹಾಗೆ ಬರುತ್ತಿತ್ತು.

ನೀರು ಬಿಟ್ಟ ದಿನ ಕಾರ್ಯದರ್ಶಿ ಪ್ಯಾಂಟನ್ನು ಮಂಡಿಯವರೆಗೆ ಮಡಚಿ ಬಂದರು. ತೂಬು ತೆರೆದರು. ನೀರು ಒಳನುಗ್ಗಿ, ಯಾವ ಕಡೆಗೂ ಅವಸರಪಡದೆ ಹರಡತೊಡಗಿತು. ಎಲ್ಲಿ ಕಾಲಿಟ್ಟರೂ ಹಿಮ್ಮಡಿ ಮುಳುಗುವಷ್ಟೇ. ಕಾರ್ಯದರ್ಶಿ ಸುತ್ತ ನಡೆದು ಬಂದರು, ಮುಖ ಅರಳಿತ್ತು. ಆಮೇಲೆ ದೂರದ ಮೂಲೆಗೆ ಬೆರಳು ತೋರಿದರು. ಅಲ್ಲೊಂದು ಗುಡ್ಡೆ ನೀರಿನಿಂದ ತಲೆ ಎತ್ತಿ ಒಣಗಿ ನಿಂತಿತ್ತು, ಎಮ್ಮೆಯ ಬೆನ್ನಿನ ಹಾಗೆ.

ಮಗಳಿಗೆ ಕಾರಣ ಆಗಲೇ ಹೊಳೆದಿತ್ತು. ಆ ಮೂಲೆಯಲ್ಲಿ ಟ್ರ್ಯಾಕ್ಟರ್ ತಿರುಗುವಾಗ ಅದರ ಹೊಗೆ ಕೊಳವೆಯೇ ಮುಕ್ಕಾಲಿಗೂ ಕೋಲಿಗೂ ಅಡ್ಡ ಬರುತ್ತಿತ್ತು. ಬೆಳಕು ತಲುಪುತ್ತಿರಲಿಲ್ಲ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಸಲಿಕೆ ಹಿಡಿದು ನೀರಿಗಿಳಿದಿದ್ದರು. ಗುಡ್ಡೆಯ ಮೇಲೆ ನಿಂತು ಪಾದದಿಂದ ಒತ್ತಿ ನೋಡಿದರು. ಸಲಿಕೆ ಹಾಕಿ ಮಣ್ಣೆಳೆದರು. ಮತ್ತೆ ಪಾದ, ಮತ್ತೆ ಸಲಿಕೆ. ನೀರು ಆ ಜಾಗವನ್ನು ಮುಚ್ಚಿ ಸುಮ್ಮನಾಯಿತು.

"ಇದೊಂದು ಮೂಲೆ ಬಿಟ್ರೆ ಸರಿ ಇದೆಯಲ್ಲ" ಎಂದರು ಕಾರ್ಯದರ್ಶಿ, ಯಾರಿಗೂ ನೋವಾಗದ ಮಾತು ಹುಡುಕುತ್ತ. "ಸೋಮವಾರ ಮೇಲಿನ ತೂಬಿನ ಹೊಲಗಳಿಂದ ಶುರು ಮಾಡಿ, ಮಟ್ಟಣ್ಣ. ಪಟ್ಟಣದವನಿಗೆ ನಾನು ಹೇಳ್ಕೋತೀನಿ."

ಅಪ್ಪ ತಲೆಯಾಡಿಸಿದರು. ಸಲಿಕೆ ತೊಳೆಯುತ್ತ ಮಗಳನ್ನು ಕೇಳಿದರು: "ಬೆಳಕು ಕಾಣದಿದ್ದಾಗ ನಿನ್ನ ಪೆಟ್ಟಿಗೆ ಏನು ಮಾಡುತ್ತೆ?"

"ಏನೂ ಮಾಡಲ್ಲ ಅಪ್ಪಾ. ಬ್ಲೇಡು ಎಲ್ಲಿತ್ತೋ ಅಲ್ಲೇ ಬಿಟ್ಟು ಸುಮ್ನಿರುತ್ತೆ."

"ಸುಮ್ನಿರುತ್ತಾ." ಅವರು ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದ ಹಾಗಿತ್ತು. "ನಂಗೆ ಅಷ್ಟು ತಿಳೀಲಿಲ್ಲ ನೋಡು. ಕಾಣದಿದ್ರೂ ಮಾಡ್ತಾನೇ ಇದ್ದೆ."

ಅಮ್ಮನ ತೋಳಿನಿಂದ ಮಗು ನೀರಿಗೆ ಜೋಲುತ್ತಿತ್ತು. ಅವಳು ಅದರ ಕಾಲುಚೀಲ ಬಿಚ್ಚತೊಡಗಿದಳು.

"ಸುಮ್ನಿದ್ರೆ ಸಾಲದು" ಅಂದರು ಅಪ್ಪ, ಸಲಿಕೆಯನ್ನು ಹೆಗಲಿಗೇರಿಸಿ. "ಕಾಣದಿದ್ರೆ ಬಾಯಿ ಬಿಟ್ಟು ಹೇಳಬೇಕು. ಒಂದು ಬಜರ್ ಹಾಕು ಅದಕ್ಕೆ. ಅದು ಕೂಗಿದ ಕಡೆ ನಾನು ಇಳಿದು ಪಾದ ಇಟ್ಟು ನೋಡ್ತೀನಿ."

ಭಾನುವಾರ ಅವಳು ಕೆಟ್ಟ ಗಡಿಯಾರವೊಂದರ ಬಜರ್ ಕಿತ್ತು ಪೆಟ್ಟಿಗೆಗೆ ಕೂರಿಸಿದಳು. ಸೋಮವಾರ ಮೇಲಿನ ತೂಬಿನ ಮೊದಲ ಹೊಲದ ಮೂಲೆಯಲ್ಲಿ ಅದು ಕೀಚಲು ದನಿಯಲ್ಲಿ ಕೂಗಿತು. ಮಟ್ಟಣ್ಣ ಟ್ರ್ಯಾಕ್ಟರ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕೆಳಗಿಳಿದರು.